ಬಾಗಿಲು ಯಾಕೆ ಮುಚ್ಚಿದೆ, ಯಾವಾಗ ತೆಗೀತೀರಿ? ಸಣ್ಣ ಮ್ಯೂಸಿಯಂನ ನವೀಕರಣ: ಪದೇ ಪದೇ ಕೇಳುವ ಪ್ರಶ್ನೆಗಳು

ಗೇಟಿಗೆ ಬೀಗ, ಪಕ್ಕದಲ್ಲಿ "ನವೀಕರಣ ನಡೆಯುತ್ತಿದೆ" ಅನ್ನೋ ಬೋರ್ಡು. ಅದನ್ನು ತೂಗುಹಾಕಿದ ಮರುದಿನದಿಂದಲೇ ಪ್ರಶ್ನೆಗಳು ಶುರುವಾಗುತ್ತವೆ. ಸ್ಥಳೀಯ ಚರಿತ್ರೆಯ ಸಣ್ಣ ಮ್ಯೂಸಿಯಂಗಳ ಇಂಥ ಕೆಲಸದಲ್ಲಿ ಒಂದೆರಡು ಸಲ ಕೈ ಕೆಸರು ಮಾಡಿಕೊಂಡಿದ್ದೇನೆ. ಕಟ್ಟಡ ಬೇರೆ, ಜನ ಬೇರೆ, ಆದರೂ ಕೇಳುವ ಪ್ರಶ್ನೆಗಳು ಮಾತ್ರ ಹೆಚ್ಚುಕಡಿಮೆ ಅವೇ. ಹೊರಗೆ ನಿಂತವರು ಕೇಳುವುದರಿಂದ ಹಿಡಿದು ಇದೇ ಕೆಲಸಕ್ಕೆ ಇಳಿದಿರುವವರು ಕೇಳುವುದರವರೆಗೆ ಇಲ್ಲಿ ಸಾಲಾಗಿ ಇಟ್ಟಿದ್ದೇನೆ. ಯಾವುದನ್ನು ಬೇಕಾದರೂ ಮೊದಲು ಓದಬಹುದು.

## ಗೇಟಿನ ಹೊರಗೆ ನಿಂತವರಿಗೆ

ಇರೋದೇ ನಾಲ್ಕು ಕೋಣೆ. ಬಣ್ಣ ಬಳಿಯೋಕೆ ಇಷ್ಟು ತಿಂಗಳು ಬೇಕಾ?

ಬಣ್ಣ ಬಳಿಯುವುದು ಕೊನೆಯ ಕೆಲಸ, ಅದಕ್ಕೆ ಹಿಡಿಯುವುದು ಕೆಲವೇ ದಿನ. ಅದಕ್ಕೂ ಮೊದಲು ಒಳಗಿರುವ ಒಂದೊಂದು ವಸ್ತುವನ್ನೂ ಎಣಿಸಿ, ಫೋಟೊ ತೆಗೆದು, ಎಲ್ಲೆಲ್ಲಿ ಬಿರುಕಿದೆ ಎಂದು ಬರೆದುಕೊಂಡು, ಕಟ್ಟಿ, ಬೇರೆ ಕಡೆ ಸಾಗಿಸಬೇಕು. ಆಮೇಲೆ ಚಾವಣಿ, ಸೋರಿಕೆ, ವೈರಿಂಗ್. ಹೊಸ ಗಾರೆಯೊಳಗಿನ ನೀರು ಮುಟ್ಟಿದರೆ ಒಣಗಿದಂತೆ ಕಂಡರೂ ತಿಂಗಳುಗಟ್ಟಲೆ ಹೊರಗೆ ಬರುತ್ತಲೇ ಇರುತ್ತದೆ. ಹೊಸ ಬಣ್ಣದ ವಾಸನೆಯೂ ಅಷ್ಟೆ, ಅದು ಬರೀ ವಾಸನೆಯಲ್ಲ, ಲೋಹಕ್ಕೂ ಕಾಗದಕ್ಕೂ ಹಾನಿ ಮಾಡಬಲ್ಲ ಆವಿ. ಬಣ್ಣ ಬಳಿದ ಶೋಕೇಸನ್ನು ಕನಿಷ್ಠ ನಾಲ್ಕು ವಾರ ಗಾಳಿಗೆ ತೆರೆದಿಡದೆ ಅದರೊಳಗೆ ಏನನ್ನೂ ಇಡಬಾರದು. ಹೊರಗಿನಿಂದ ನೋಡುವವರಿಗೆ ಆ ನಾಲ್ಕು ವಾರ "ಕೆಲಸ ನಿಂತುಹೋಗಿದೆ" ಎಂದೇ ಕಾಣುತ್ತದೆ.

ಅರ್ಧ ಮುಚ್ಚಿ, ಇನ್ನರ್ಧ ತೆರೆದಿಡಬಹುದಿತ್ತಲ್ಲ?

ದೊಡ್ಡ ಕಟ್ಟಡಗಳಲ್ಲಿ ಹಾಗೆ ಮಾಡುತ್ತಾರೆ. ನಾಲ್ಕು ಕೋಣೆಗಳಲ್ಲಿ ಆಗುವುದಿಲ್ಲ. ಗೋಡೆ ಕೊರೆದರೆ ಧೂಳು ಇಡೀ ಕಟ್ಟಡಕ್ಕೆ ಹರಡುತ್ತದೆ, ಡ್ರಿಲ್ಲಿನ ಅದುರು ಪಕ್ಕದ ಕೋಣೆಯ ಗಾಜಿನ ಕಪಾಟಿನವರೆಗೂ ಹೋಗುತ್ತದೆ, ತುರ್ತಾಗಿ ಹೊರಗೆ ಓಡುವ ದಾರಿ ಸಿಮೆಂಟು ಚೀಲಗಳಿಂದ ತುಂಬಿರುತ್ತದೆ. ದಿನಾ ಹೊಸ ಮುಖದ ಕೆಲಸಗಾರರು ಬಂದುಹೋಗುವಾಗ ಕಾವಲೂ ಕಷ್ಟ.

ಎಲ್ಲಕ್ಕಿಂತ ದೊಡ್ಡ ಭಯ ಬೆಂಕಿ. ಹಳೆಯ ಕಟ್ಟಡಗಳಿಗೆ ರಿಪೇರಿಯ ಕಾಲವೇ ಗಂಡಾಂತರದ ಕಾಲ. 1992ರ ನವೆಂಬರ್ 20ರಂದು ಇಂಗ್ಲೆಂಡಿನ ವಿಂಡ್ಸರ್ ಅರಮನೆಗೆ ಬೆಂಕಿ ಬಿತ್ತು. ಬಿಸಿಯಾದ ದೀಪವೊಂದು ಪರದೆಗೆ ತಗುಲಿದ್ದೇ ಕಾರಣ. ಆಗ ಅಲ್ಲಿ ವೈರಿಂಗ್ ಬದಲಾಯಿಸುವ ಕೆಲಸ ನಡೆಯುತ್ತಿತ್ತು. ಅದಕ್ಕಾಗಿ ಹಲವು ಕೋಣೆಗಳನ್ನು ಮೊದಲೇ ಖಾಲಿ ಮಾಡಿದ್ದರಿಂದ ಚಿತ್ರಗಳು, ಪೀಠೋಪಕರಣಗಳು ಬಹಳಷ್ಟು ಉಳಿದವು. ಖಾಲಿ ಮಾಡಿ ಮುಚ್ಚಬೇಕು ಎನ್ನುವುದಕ್ಕೆ ಇದಕ್ಕಿಂತ ಬೇರೆ ವಾದ ನನ್ನ ಹತ್ತಿರ ಇಲ್ಲ.

ಹೇಳಿದ ದಿನಕ್ಕೆ ಯಾಕೆ ತೆರೆಯೋದಿಲ್ಲ?

ಗೋಡೆ ಒಡೆಯುವ ತನಕ ಅದರೊಳಗೆ ಏನಿದೆ ಎಂದು ಯಾರಿಗೂ ಗೊತ್ತಿರುವುದಿಲ್ಲ. ಸಣ್ಣವರಿಗೆ ಮಾತ್ರ ಹೀಗಾಗುತ್ತದೆ ಅಂದುಕೊಳ್ಳಬೇಡಿ. ನೆದರ್‌ಲೆಂಡ್ಸ್‌ನ ರಾಷ್ಟ್ರೀಯ ಮ್ಯೂಸಿಯಂ, ಆಮ್‌ಸ್ಟರ್‌ಡ್ಯಾಮಿನ ರೈಕ್ಸ್‌ಮ್ಯೂಸಿಯಂ, 2003ರಲ್ಲಿ ಮುಖ್ಯ ಕಟ್ಟಡವನ್ನು ಮುಚ್ಚಿದಾಗ ಐದು ವರ್ಷದ ಲೆಕ್ಕ ಇಟ್ಟುಕೊಂಡಿತ್ತು. ಬಾಗಿಲು ತೆರೆದಿದ್ದು 2013ರ ಏಪ್ರಿಲ್‌ನಲ್ಲಿ. ತಡವಾದದ್ದಕ್ಕೆ ಇದ್ದ ಕಾರಣಗಳಲ್ಲಿ ಒಂದು, ಕಟ್ಟಡದ ನಡುವೆ ಹಾದುಹೋಗುವ ಸೈಕಲ್ ದಾರಿಯ ಬಗ್ಗೆ ಸೈಕಲ್ ಸವಾರರ ಜೊತೆ ನಡೆದ ಜಗ್ಗಾಟ!

ದಿನಾಂಕ ಘೋಷಿಸುವ ಚಪಲ ಎಲ್ಲರಿಗೂ ಇರುತ್ತದೆ. ಪ್ರತಿ ವರ್ಷ ಮೇ 18 ಅಂತರರಾಷ್ಟ್ರೀಯ ಮ್ಯೂಸಿಯಂ ದಿನ, 1977ರಿಂದ ನಡೆದುಬಂದಿದೆ. ಆ ದಿನವೇ ತೆರೆಯೋಣ ಎಂದು ಸಭೆಯಲ್ಲಿ ಯಾರಾದರೊಬ್ಬರು ಹೇಳೇ ಹೇಳುತ್ತಾರೆ. ತೇವದ ಅಳತೆ ಸರಿಯಾಗಿ ಬರುವವರೆಗೆ ಆಮಂತ್ರಣ ಪತ್ರಿಕೆ ಅಚ್ಚು ಹಾಕಿಸಬೇಡಿ ಎಂದು ನಾನು ಹೇಳುತ್ತೇನೆ.

ಹಳೇದೇ ಚೆನ್ನಾಗಿತ್ತು. ಎಲ್ಲಾ ಬದಲಾಯಿಸಿಬಿಡ್ತೀರಾ?

ಇದನ್ನು ಕೇಳುವವರು ಚಿಕ್ಕಂದಿನಲ್ಲಿ ಶಾಲೆಯಿಂದ ಸಾಲಾಗಿ ಬಂದು ನೋಡಿದವರು. ಅವರಿಗೆ ಆ ಕತ್ತಲೆ ಮೂಲೆ, ಕಿರುಗುಟ್ಟುವ ಹಲಗೆ ನೆಲ ಎಲ್ಲವೂ ಮ್ಯೂಸಿಯಂನ ಭಾಗವೇ. ಈ ಮಾತನ್ನು ತಳ್ಳಿಹಾಕಬಾರದು. ಬಿಚ್ಚುವ ಮೊದಲು ಹಳೆಯ ಜೋಡಣೆಯನ್ನು ಕೋಣೆ ಕೋಣೆಯಾಗಿ ಫೋಟೊ ತೆಗೆದಿಟ್ಟುಕೊಳ್ಳಿ. ಹಿಂದಿನವರು ಏನನ್ನು ಯಾವುದರ ಪಕ್ಕ ಇಟ್ಟಿದ್ದರು ಅನ್ನುವುದೂ ಒಂದು ಚರಿತ್ರೆ. ಎಲ್ಲರೂ ನೆನಪಿಟ್ಟುಕೊಂಡಿರುವ ಒಂದು ಹಳೇ ಶೋಕೇಸನ್ನು ಹಾಗೇ ಉಳಿಸಿದರೆ ಅರ್ಧ ಬೇಸರ ಕಡಿಮೆಯಾಗುತ್ತದೆ.

ಮುಚ್ಚಿರುವಾಗ ಒಂದು ಹಳೇ ಕಾಗದ ನೋಡಬೇಕಿತ್ತು. ಆಗುತ್ತಾ?

ಪೆಟ್ಟಿಗೆಗೆ ಹೋಗುವ ಮೊದಲು ಅಥವಾ ತೆರೆದ ಮೇಲೆ. ನಡುವೆ ಕಷ್ಟ. ಅವಸರವಿದ್ದರೆ ಈಗಲೇ ಬರೆದು ತಿಳಿಸಿ. ಕಟ್ಟುವಾಗ ಆ ಕಾಗದ ಕೈಗೆ ಸಿಕ್ಕರೆ ಫೋಟೊ ತೆಗೆದು ಇಡಬಹುದು.

## ವಸ್ತು ಕೊಟ್ಟವರಿಗೆ, ಕೊಡಬೇಕೆಂದಿರುವವರಿಗೆ

ನಮ್ಮ ತಾತ ಕೊಟ್ಟ ಹೊಲಿಗೆ ಯಂತ್ರ ಎಲ್ಲಿದೆ? ಮತ್ತೆ ಇಡ್ತೀರಾ?

ಎಲ್ಲಿದೆ ಎನ್ನುವುದಕ್ಕೆ ಉತ್ತರ ಕೊಡುವುದು ಮ್ಯೂಸಿಯಂನ ಕರ್ತವ್ಯ. ಹೆಸರು, ಕೊಟ್ಟ ವರ್ಷ ಹೇಳಿದರೆ ಯಾವ ಪೆಟ್ಟಿಗೆಯಲ್ಲಿದೆ ಎಂದು ಹೇಳಲು ಬರಬೇಕು. ಬರದಿದ್ದರೆ ಅದು ಮ್ಯೂಸಿಯಂನ ತಪ್ಪು, ನೀವು ಕೇಳಿದ್ದರಲ್ಲಿ ತಪ್ಪಿಲ್ಲ.

ಮತ್ತೆ ಇಡುತ್ತಾರೆಯೇ ಎಂಬುದು ಬೇರೆ ಮಾತು. ಯಾವ ಮ್ಯೂಸಿಯಂ ಕೂಡ ತನ್ನಲ್ಲಿರುವುದನ್ನೆಲ್ಲ ಹೊರಗಿಡುವುದಿಲ್ಲ. ಹೊಲಿಗೆ ಯಂತ್ರ ಐದು ಬಂದಿರುತ್ತವೆ, ಹೊರಗೆ ಕಾಣುವುದು ಒಂದೋ ಎರಡೋ. ಆಯ್ಕೆ ನಡೆಯುವುದು ಹೊಳಪಿನ ಮೇಲಲ್ಲ. ಯಾರು ಹೊಲಿದರು, ಏನು ಹೊಲಿದರು, ಯಾರಿಗಾಗಿ ಎಂದು ಗೊತ್ತಿರುವ ಯಂತ್ರ ಗೆಲ್ಲುತ್ತದೆ. ತಾತನ ಬಗ್ಗೆ ಎರಡು ಪುಟ ಬರೆದು ಕಳಿಸಿ. ತುಕ್ಕು ಹಿಡಿದ ಯಂತ್ರವನ್ನೂ ಆ ಎರಡು ಪುಟ ಮುಂದಕ್ಕೆ ತಂದು ನಿಲ್ಲಿಸಬಲ್ಲದು.

ಇಡೋದಿಲ್ಲ ಅಂದ್ರೆ ವಾಪಸ್ ಕೊಟ್ಟುಬಿಡಿ.

ಕೊಟ್ಟಿದ್ದು ದಾನವಾಗಿಯೋ ಎರವಲಾಗಿಯೋ ಎಂಬುದರ ಮೇಲೆ ನಿಂತಿದೆ. ದಾನಪತ್ರಕ್ಕೆ ಸಹಿ ಹಾಕಿದ್ದರೆ ವಸ್ತು ಮ್ಯೂಸಿಯಂನದು. ಕೊಟ್ಟವರ ಮೊಮ್ಮಕ್ಕಳಲ್ಲಿ ಒಬ್ಬರಿಗೆ ವಾಪಸ್ ಕೊಟ್ಟರೆ ಇನ್ನೊಬ್ಬರು ಬಂದು ಕೇಳುತ್ತಾರೆ. ಎರವಲಾಗಿ ಕೊಟ್ಟಿದ್ದರೆ ಖಂಡಿತ ವಾಪಸ್ ಕೇಳಬಹುದು, ರಸೀದಿ ತನ್ನಿ.

ತಲೆನೋವು ಇರುವುದು ಇವೆರಡರ ನಡುವೆ. "ನಿಮ್ಮ ಹತ್ರ ಇರಲಿ" ಎಂದು ಬಾಯಿಮಾತಿನಲ್ಲಿ ಬಿಟ್ಟುಹೋದ ವಸ್ತುಗಳು ಪ್ರತಿ ಸಣ್ಣ ಮ್ಯೂಸಿಯಂನಲ್ಲೂ ಇವೆ. ಇರಲಿ ಅಂದದ್ದು ಎಂದೆಂದಿಗೂ ಅಂತಲೋ, ಮನೆಗೆ ಸುಣ್ಣ ಬಳಿಯುವ ತನಕ ಅಂತಲೋ? ಕೊಟ್ಟವರೂ ಇಲ್ಲ, ತೆಗೆದುಕೊಂಡವರೂ ಇಲ್ಲ. ಬಾಗಿಲು ಮುಚ್ಚಿರುವ ಕಾಲದಲ್ಲಿ ಇವನ್ನೆಲ್ಲ ಪಟ್ಟಿ ಮಾಡಿ, ಮನೆಯವರನ್ನು ಹುಡುಕಿ, ಕಾಗದ ಮಾಡಿಕೊಳ್ಳಬೇಕು. ತೆರೆದ ಮೇಲೆ ಈ ಕೆಲಸಕ್ಕೆ ಯಾರಿಗೂ ಪುರುಸೊತ್ತು ಇರುವುದಿಲ್ಲ.

ಮನೆ ಖಾಲಿ ಮಾಡ್ತಿದೀವಿ. ಒಂದಷ್ಟು ಹಳೇ ಸಾಮಾನು ತಂದಿಡಲಾ?

ದಯವಿಟ್ಟು ಈಗ ಬೇಡ. ಗೇಟಿನ ಹತ್ತಿರ ಇಟ್ಟುಹೋಗುವುದಂತೂ ಬೇಡವೇ ಬೇಡ. ಹೆಸರಿಲ್ಲದ ಚೀಲ ಬೆಳಗಾದರೆ ಬರೀ ಗುಜರಿ. ಈಗ ಮಾಡಬಹುದಾದದ್ದು ಒಂದಿದೆ. ಹಳೇ ಫೋಟೊಗಳನ್ನು ಮನೆಯ ಹಿರಿಯರ ಮುಂದೆ ಹರಡಿ, ಅವರು ಹೇಳಿದ ಹೆಸರುಗಳನ್ನು ಹಿಂಬದಿಯ ಅಂಚಿನಲ್ಲಿ ಮೆತ್ತನೆ ಪೆನ್ಸಿಲ್ಲಿನಿಂದ ಒತ್ತದೆ ಬರೆಯಿರಿ. ಬಾಲ್‌ಪೆನ್ ಬೇಡ. ಅದರ ಒತ್ತು ಮುಂಭಾಗಕ್ಕೆ ಮೂಡುತ್ತದೆ, ಶಾಯಿ ಸೋಕುತ್ತದೆ. ಮ್ಯೂಸಿಯಂ ತೆರೆಯುವವರೆಗೆ ಫೋಟೊ ಕಾಯುತ್ತದೆ, ಹೆಸರು ಹೇಳಬಲ್ಲವರು ಕಾಯುತ್ತಾರೆಂದು ನಂಬಿ ಕೂರಬೇಡಿ.

ಫೋಟೊ ಕೊಟ್ಟಮೇಲೆ ಅದರ ಹಕ್ಕೂ ನಿಮ್ಮದೇ ಆಗುತ್ತಾ?

ಆಗುವುದಿಲ್ಲ. ಕಾಗದದ ಮೇಲಿನ ಒಡೆತನ ಒಂದು, ಕೃತಿಸ್ವಾಮ್ಯ ಇನ್ನೊಂದು. ಕೃತಿಸ್ವಾಮ್ಯ ಸಾಮಾನ್ಯವಾಗಿ ಫೋಟೊ ತೆಗೆದವರದು, ಚಿತ್ರದಲ್ಲಿದ್ದ ಮಾತ್ರಕ್ಕೆ, ಆಲ್ಬಮ್ ಇಟ್ಟುಕೊಂಡ ಮಾತ್ರಕ್ಕೆ ಅದು ಯಾರದೂ ಆಗುವುದಿಲ್ಲ. ಹಾಗಾಗಿ ದಾನಪತ್ರದಲ್ಲಿ ಇದಕ್ಕೆಂದೇ ಒಂದು ಸಾಲು ಇರಬೇಕು. ಕಾನೂನು, ಅವಧಿ ದೇಶದಿಂದ ದೇಶಕ್ಕೆ ಬೇರೆ.

ಹಳೇ ವಸ್ತುಗಳನ್ನ ಗುಟ್ಟಾಗಿ ಮಾರ್ತೀರಂತೆ, ನಿಜಾನಾ?

ಬಾಗಿಲು ಮುಚ್ಚಿದ ಕೂಡಲೇ ಹುಟ್ಟುವ ಮೊದಲ ಗಾಳಿಮಾತು ಇದು. ಹುಟ್ಟದೇ ಇದ್ದರೇ ಆಶ್ಚರ್ಯ.

ಸಂಗ್ರಹದಿಂದ ವಸ್ತುವನ್ನು ತೆಗೆದುಹಾಕಲು ಒಂದು ಕ್ರಮ ಇದೆ. ಎರಡೆರಡು ಇರುವುದು, ಪೂರ್ತಿ ಹಾಳಾದದ್ದು, ಈ ಜಾಗದ ಚರಿತ್ರೆಗೆ ಸಂಬಂಧವೇ ಇಲ್ಲದ್ದು, ಇಂಥವನ್ನು ಲಿಖಿತ ಕಾರಣದೊಂದಿಗೆ, ಸಮಿತಿಯ ಒಪ್ಪಿಗೆ ಪಡೆದು ತೆಗೆಯಬಹುದು. ಮೊದಲು ಇನ್ನೊಂದು ಮ್ಯೂಸಿಯಂಗೆ ಬೇಕೇ ಎಂದು ಕೇಳಬೇಕು. 1946ರಲ್ಲಿ ಹುಟ್ಟಿದ ಅಂತರರಾಷ್ಟ್ರೀಯ ಮ್ಯೂಸಿಯಂ ಮಂಡಳಿ ಐಕಾಮ್‌ನ ನೀತಿಸಂಹಿತೆ ಈ ವಿಷಯದಲ್ಲಿ ಬಿಗಿಯಾಗಿದೆ. ಮಾರಾಟದಿಂದ ಬಂದ ಹಣ ಸಂಗ್ರಹಕ್ಕೇ ಹೋಗಬೇಕು, ಸಿಬ್ಬಂದಿಯಾಗಲಿ ಆಡಳಿತದವರಾಗಲಿ ಅವರ ಮನೆಯವರಾಗಲಿ ಕೊಳ್ಳುವಂತಿಲ್ಲ. ಮ್ಯೂಸಿಯಂ ಸೋರುವ ಚಾವಣಿಗೆ ಹಣವಿಲ್ಲವೆಂದು ನಾಣ್ಯ ಮಾರಿದರೆ ಅದನ್ನು ನವೀಕರಣ ಎನ್ನಲು ನಾನು ಒಪ್ಪುವುದಿಲ್ಲ. ಗಾಳಿಮಾತಿಗೆ ಮದ್ದು ಒಂದೇ: ತೆಗೆದುಹಾಕಿದ ವಸ್ತುಗಳ ಪಟ್ಟಿಯನ್ನು ಕೇಳಿದವರಿಗೆಲ್ಲ ತೋರಿಸುವುದು.

## ಮುಚ್ಚಿದ ಬಾಗಿಲ ಹಿಂದೆ

ಎಣಿಸೋದಕ್ಕೇ ತಿಂಗಳುಗಟ್ಟಲೆ ಯಾಕೆ? ರಿಜಿಸ್ಟರ್ ಇದೆಯಲ್ಲ?

ಇದೆ. ಬಹಳ ಕಡೆ ಮೂರು ಇರುತ್ತವೆ, ಅದೇ ತೊಂದರೆ. ಮೊದಲನೆಯದು ಸ್ಥಾಪಕರ ಕೈಬರಹದ್ದು. ಎರಡನೆಯದು ಯಾರೋ ಉತ್ಸಾಹದಿಂದ ಹೊಸ ಸಂಖ್ಯೆ ಹಾಕಿ ಶುರುಮಾಡಿ ಅರ್ಧಕ್ಕೆ ಬಿಟ್ಟದ್ದು. ಮೂರನೆಯದು ಈಗ ಯಾವ ಕಂಪ್ಯೂಟರಿನಲ್ಲೂ ತೆರೆಯದ ಫೈಲು. ಒಂದೇ ತಕ್ಕಡಿಗೆ ಮೂರು ಸಂಖ್ಯೆ, ಒಂದೇ ಸಂಖ್ಯೆಗೆ ಎರಡು ತಕ್ಕಡಿ.

ನಿಜವಾದ ನವೀಕರಣ ಆಗಬೇಕಾದದ್ದು ಇಲ್ಲಿ. ಗೋಡೆ ಹೊಸದಾಗಿ, ರಿಜಿಸ್ಟರ್ ಹಾಗೇ ಉಳಿದರೆ ಮ್ಯೂಸಿಯಂ ನವೀಕರಣವಾಗಿಲ್ಲ, ಬರೀ ಕಟ್ಟಡ ರಿಪೇರಿಯಾಗಿದೆ. ಎಲ್ಲಿಂದ ಬಂತು, ಯಾರದು, ಏಕೆ ಇಲ್ಲಿದೆ ಎಂದು ಗೊತ್ತಿಲ್ಲದ ವಸ್ತು ಹಳೇ ಸಾಮಾನು. ಇವು ಗೊತ್ತಾದ ಕ್ಷಣ ಅದೇ ವಸ್ತು ಚರಿತ್ರೆಯ ಸಾಕ್ಷಿ.

ಕೆಲಸ ನಡೆಯುವ ರೀತಿ ಹೀಗೆ. ಒಬ್ಬರು ಕಪಾಟಿನಿಂದ ಶುರುಮಾಡಿ ರಿಜಿಸ್ಟರಿಗೆ ಹೋಗುತ್ತಾರೆ, ಇನ್ನೊಬ್ಬರು ರಿಜಿಸ್ಟರಿನಿಂದ ಶುರುಮಾಡಿ ಕಪಾಟಿಗೆ ಬರುತ್ತಾರೆ. ಕೊನೆಗೆ ಮೂರು ಪಟ್ಟಿ: ಎರಡೂ ಕಡೆ ಇರುವುದು, ಪುಸ್ತಕದಲ್ಲಿ ಮಾತ್ರ ಇರುವುದು, ಕಪಾಟಿನಲ್ಲಿ ಮಾತ್ರ ಇರುವುದು. ಮೂರನೆಯ ಪಟ್ಟಿ ಯಾವಾಗಲೂ ನೀವು ಅಂದುಕೊಂಡಿದ್ದಕ್ಕಿಂತ ಉದ್ದ. ಅವಕ್ಕೆ ಹೊಸ ಸಂಖ್ಯೆ ಕೊಡಿ, "ಸಂಗ್ರಹದಲ್ಲಿ ಸಿಕ್ಕಿದ್ದು" ಎಂದು ಬರೆಯಿರಿ. ಊಹಿಸಿ ಕಥೆ ಕಟ್ಟಬೇಡಿ. ಹಳೆಯ ಸಂಖ್ಯೆಯನ್ನು ಎಂದೂ ಅಳಿಸಬೇಡಿ. ಅದೇ ಮುಂದೆ ಯಾವತ್ತೋ ಒಂದು ಪತ್ರಕ್ಕೆ ತಾಳೆಯಾಗುತ್ತದೆ.

ಸಂಖ್ಯೆ ಸಾಮಾನ್ಯವಾಗಿ ಮೂರು ತುಂಡಿನದು. 2024.5.3 ಎಂದರೆ 2024ರಲ್ಲಿ ಐದನೆಯದಾಗಿ ಬಂದ ಗಂಟಿನ ಮೂರನೇ ವಸ್ತು. ಲೋಹ, ಮಣ್ಣಿನ ಪಾತ್ರೆ, ಮರದ ಮೇಲೆ ಪ್ಯಾರಾಲಾಯ್ಡ್ ಬಿ-72 ಎಂಬ ರಾಳದ ತೆಳುಪದರ ಹಚ್ಚಿ, ಅದರ ಮೇಲೆ ಸಂಖ್ಯೆ ಬರೆದು, ಮೇಲಿಂದ ಇನ್ನೊಂದು ಪದರ. ಬೇಕೆಂದಾಗ ಅಸಿಟೋನಿನಲ್ಲಿ ತೆಗೆಯಬಹುದು. ಬಟ್ಟೆಗೆ ಹತ್ತಿ ಪಟ್ಟಿಯ ಮೇಲೆ ಬರೆದು ನಾಲ್ಕು ಹೊಲಿಗೆ. ಕಾಗದಕ್ಕೆ ಪೆನ್ಸಿಲ್. ಸ್ಟಿಕ್ಕರ್ ಅಂಟಿಸಿದರೆ ಕೆಲವೇ ವರ್ಷಕ್ಕೆ ಕಾಗದ ಉದುರಿ, ಅಂಟಿನ ಕಲೆ ಮಾತ್ರ ಉಳಿಯುತ್ತದೆ.

ಉಗ್ರಾಣದಲ್ಲಿ ಕಾಲಿಡಲು ಜಾಗವಿಲ್ಲದವರಿಗೆ, ಪರಂಪರೆಯ ಸಂರಕ್ಷಣೆಗಾಗಿ ಇರುವ ಅಂತರರಾಷ್ಟ್ರೀಯ ಸಂಸ್ಥೆ ಇಕ್ರಾಮ್ ರೂಪಿಸಿದ, ಉಗ್ರಾಣವನ್ನು ಮರುಜೋಡಿಸುವ ರೀ-ಆರ್ಗ್ ಎಂಬ ವಿಧಾನ ಇದೆ, ಸಣ್ಣ ಮ್ಯೂಸಿಯಂಗಳನ್ನೇ ಮನಸ್ಸಿನಲ್ಲಿಟ್ಟು ಮಾಡಿದ್ದು. ಕಳುವಾದಾಗ ಪೊಲೀಸರಿಗೆ ಕೊಡಲು ಯಾವ ವಿವರ ಬೇಕು ಎಂಬುದಕ್ಕೆ ಆಬ್ಜೆಕ್ಟ್ ಐಡಿ ಎಂಬ ಅಂತರರಾಷ್ಟ್ರೀಯ ಮಾದರಿ ಪಟ್ಟಿ ಇದೆ: ಏನು, ಯಾವುದರದ್ದು, ಅಳತೆ, ಬರಹ, ಗುರುತಿನ ಬಿರುಕು, ಫೋಟೊ ಹೀಗೆ. ಬಿರುಕಿನ ಫೋಟೊ ಮರೆಯಬೇಡಿ. ಒಂದೇ ಥರದ ಎರಡು ಪಾತ್ರೆಗಳನ್ನು ಬೇರೆ ಮಾಡುವುದು ಅದೇ.

ತಿಕ್ಕಿ ತೊಳೆದು ಫಳಫಳ ಅನ್ನೋ ಹಾಗೆ ಇಡಬಾರದಾ?

ಪಾಲಿಶ್ ಎಂದರೆ ಮೇಲಿನ ಲೋಹವನ್ನೇ ಸ್ವಲ್ಪ ಸವೆಸಿ ತೆಗೆಯುವುದು. ಪ್ರತಿ ಸಲ ತಿಕ್ಕಿದಾಗಲೂ ಅಕ್ಷರದ ಅಂಚು ಸವೆಯುತ್ತದೆ, ಕೆತ್ತನೆ ಮೊಂಡಾಗುತ್ತದೆ. ಕಿಲುಬನ್ನೆಲ್ಲ ಕೊಳೆ ಅಂದುಕೊಳ್ಳಬೇಡಿ. ತಾಮ್ರದ ಮೇಲಿನ ಗಟ್ಟಿಯಾದ, ನಯವಾದ ಪದರ ಒಳಗಿನದನ್ನು ಕಾಯುತ್ತಿರುತ್ತದೆ. ಪುಡಿಪುಡಿಯಾಗಿ ಉದುರುವ ತಿಳಿಹಸಿರು ಕಂಡರೆ ಮಾತ್ರ ತಜ್ಞರನ್ನು ಕರೆಯಿರಿ.

ನನ್ನ ಕಣ್ಣೆದುರಿಗೇ ಆದ ಒಂದು ಪ್ರಸಂಗ: ಒಂದು ಮಧ್ಯಾಹ್ನ ಸಹಾಯಕ್ಕೆ ಬಂದ ಹುರುಪಿನ ಹುಡುಗರಿಗೆ ಹಿತ್ತಾಳೆ ಫಲಕಗಳ ಧೂಳು ಒರೆಸಿ ಎಂದು ಹೇಳಿ ಊಟಕ್ಕೆ ಹೋದೆ. ಬರುವಷ್ಟರಲ್ಲಿ ಅವು ಕನ್ನಡಿಯಾಗಿದ್ದವು. ಅಕ್ಷರಗಳೊಳಗೆ ತುಂಬಿದ್ದ ಕಪ್ಪು ಬಣ್ಣವೂ ಹೋಗಿತ್ತು. ಅದು ಮೂಲದ್ದೇ ಬಣ್ಣ. ಹುಡುಗರನ್ನು ಬಯ್ಯುವ ಹಾಗಿರಲಿಲ್ಲ, ಒರೆಸುವುದು ಎಂದರೆ ಏನೆಂದು ನಾನೇ ಹೇಳಿರಲಿಲ್ಲ.

ಒಳಗೆ ಯಾಕೆ ಅಷ್ಟು ಕತ್ತಲೆ? ಒಳ್ಳೇ ಲೈಟು ಹಾಕ್ಸಿ.

ಬೆಳಕು ಬಣ್ಣವನ್ನು ತಿನ್ನುತ್ತದೆ, ತಿಂದದ್ದನ್ನು ವಾಪಸ್ ಕೊಡುವುದಿಲ್ಲ. ವಸ್ತುವಿನ ಮೇಲೆ ಬೀಳುವ ಬೆಳಕಿನ ಅಳತೆಗೆ ಲಕ್ಸ್ ಎನ್ನುತ್ತಾರೆ. ಕಾಗದ, ಬಟ್ಟೆ, ಹಳೇ ಫೋಟೊಗಳಿಗೆ 50 ಲಕ್ಸ್ ಮೀರಬಾರದು ಎಂಬುದು ರೂಢಿಯ ನಿಯಮ. ಎಣ್ಣೆಬಣ್ಣದ ಚಿತ್ರಕ್ಕೆ 200ರಷ್ಟು. ಕಲ್ಲು, ಲೋಹಕ್ಕೆ ಅಷ್ಟು ಚಿಂತೆಯಿಲ್ಲ.

ಒಂದು ಲೆಕ್ಕ ಹಾಕಿ ನೋಡಿ. 50 ಲಕ್ಸ್, ದಿನಕ್ಕೆ 8 ಗಂಟೆ, ವರ್ಷಕ್ಕೆ 300 ದಿನ: 1,20,000 ಲಕ್ಸ್-ಗಂಟೆ. ನೇರ ಬಿಸಿಲಿನ ಬೆಳಕು 1,00,000 ಲಕ್ಸ್‌ವರೆಗೂ ಹೋಗುತ್ತದೆ. ಅಂದರೆ ಪರದೆ ಸರಿಸಿದ ಕಿಟಕಿಯಿಂದ ಸುಮಾರು ಒಂದೂಕಾಲು ಗಂಟೆ ಬಿಸಿಲು ಬಿದ್ದರೆ ಒಂದು ವರ್ಷದ ಬೆಳಕು ಖರ್ಚಾಯಿತು. ಎಲ್‌ಇಡಿ ದೀಪಗಳಲ್ಲಿ ಅತಿನೇರಳೆ ಕಿರಣ ಇಲ್ಲದಷ್ಟು ಕಡಿಮೆ, ಅದು ದೊಡ್ಡ ಅನುಕೂಲ. ಆದರೆ ಕಣ್ಣಿಗೆ ಕಾಣುವ ಬೆಳಕೂ ಬಣ್ಣ ಮಾಸಿಸುತ್ತದೆ. ಕತ್ತಲೆ ಅನ್ನಿಸದಂತೆ ಮಾಡುವ ಉಪಾಯ ಬೇರೆ. ಹೊರಗಿನಿಂದ ಒಳಗೆ ಬರುವ ದಾರಿಯಲ್ಲಿ ಬೆಳಕನ್ನು ಹಂತಹಂತವಾಗಿ ಇಳಿಸಿದರೆ ಕಣ್ಣು ಹೊಂದಿಕೊಳ್ಳುತ್ತದೆ, ಆಗ 50 ಲಕ್ಸ್ ಕೂಡ ಸಾಕಾಗುತ್ತದೆ.

ಏಸಿ ಹಾಕಿಸಿದ್ರೆ ತೇವದ ಕಾಟ ಮುಗೀತಲ್ಲ?

ಬೆಳಿಗ್ಗೆ ಹಾಕಿ ಸಂಜೆ ಆರಿಸುವ ಏಸಿ ಇಲ್ಲದಿರುವುದೇ ವಾಸಿ. ವಸ್ತುಗಳನ್ನು ಕೊಲ್ಲುವುದು ಏರಿಳಿತ. ಮರ ತೇವ ಹೀರಿ ಉಬ್ಬುತ್ತದೆ, ಒಣಗಿ ಕುಗ್ಗುತ್ತದೆ, ದಿನಾ ಹೀಗಾದರೆ ಬಣ್ಣದ ಪದರ ಏಳುತ್ತದೆ. ಗಾಳಿಯ ಸಾಪೇಕ್ಷ ತೇವಾಂಶ 40ರಿಂದ 60 ಶೇಕಡದ ನಡುವೆ ನಿಧಾನವಾಗಿ ಆಡಿಕೊಂಡಿದ್ದರೆ ಬಹುತೇಕ ಸಂಗ್ರಹ ಸುಖವಾಗಿರುತ್ತದೆ. 65-70 ದಾಟಿ ನಿಂತರೆ ಬೂಷ್ಟು ಬರುತ್ತದೆ.

ಸಣ್ಣ ಮ್ಯೂಸಿಯಂಗೆ ನನ್ನ ಸಲಹೆ: ಮೊದಲ ದುಡ್ಡು ಚಾವಣಿ, ಅದರ ಅಂಚಿನ ಮಳೆನೀರಿನ ದೋಣಿ, ನೀರು ಹರಿದುಹೋಗುವ ಚರಂಡಿಗೆ. ಎರಡನೆಯದು ತೇವಾಂಶವನ್ನು ತಾನೇ ಬರೆದಿಡುವ ಸಣ್ಣ ಡೇಟಾಲಾಗರುಗಳಿಗೆ. ಒಂದು ಪೂರ್ತಿ ವರ್ಷದ ಅಂಕಿ ಕೈಯಲ್ಲಿಲ್ಲದೆ ಯಂತ್ರ ಕೊಳ್ಳಬೇಡಿ. ಬಿಗಿಯಾಗಿ ಮುಚ್ಚುವ ಶೋಕೇಸಿನೊಳಗೆ ಸಿಲಿಕಾ ಜೆಲ್ ಇಟ್ಟರೆ ಆ ಸಣ್ಣ ಜಾಗವನ್ನು ಕರೆಂಟಿಲ್ಲದೆಯೇ ಹದವಾಗಿಡಬಹುದು.

ಹುಳ ಬಿದ್ದ ಮರಕ್ಕೆ ಔಷಧಿ ಹೊಡೆದ್ರೆ ಆಗಲ್ವಾ?

ಔಷಧಿ ಬಣ್ಣ ಕೆಡಿಸುತ್ತದೆ, ಮುಟ್ಟುವವರ ಮೈಗೂ ಒಳ್ಳೆಯದಲ್ಲ. ಕುಟ್ಟೆ ಹುಳು, ನುಸಿ ಇರುವ ಗಟ್ಟಿ ವಸ್ತುಗಳನ್ನು ಪಾಲಿಥೀನಿನಲ್ಲಿ ಗಾಳಿಯಾಡದಂತೆ ಕಟ್ಟಿ ಮೈನಸ್ 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಎರಡು ವಾರ, ಅಥವಾ ಮೈನಸ್ 30ರಲ್ಲಿ ಮೂರು ದಿನ ಇಡುವುದು ಚೆನ್ನಾಗಿ ನಡೆಯುವ ಉಪಾಯ. ಹೊರತೆಗೆದ ಮೇಲೆ ಪೂರ್ತಿ ಒಂದು ದಿನ ಕಟ್ಟು ಬಿಚ್ಚಬಾರದು, ನೀರಹನಿ ಕಟ್ಟುವುದು ಚೀಲದ ಹೊರಗಾಗಲಿ. ಗಾಜು, ದಂತ, ಬಣ್ಣದ ಪದರ ಇರುವುದು, ಗಾಜಿನ ಫೋಟೊ ಫಲಕ ಇವನ್ನು ಫ್ರೀಜರಿಗೆ ಹಾಕಬೇಡಿ. ಗೆದ್ದಲು ಮಾತ್ರ ವಸ್ತುವಿನ ರೋಗವಲ್ಲ, ಕಟ್ಟಡದ್ದು. ಮೂಲ ನೆಲದಲ್ಲೇ ಇರುತ್ತದೆ.

ಹಳೇ ಸಾಮಾನಲ್ಲಿ ವಿಷ ಇರುತ್ತಂತೆ, ಹೌದಾ?

ಕೆಲವಲ್ಲಿ ಹೌದು. ಹಳೆಯ ಕಾಲದಲ್ಲಿ ತುಂಬಿಸಿಟ್ಟ ಪ್ರಾಣಿ-ಪಕ್ಷಿಗಳ ಚರ್ಮಕ್ಕೆ ಆರ್ಸೆನಿಕ್ ಹಚ್ಚುತ್ತಿದ್ದರು. ಕತ್ತಲಲ್ಲಿ ಹೊಳೆಯಲೆಂದು ಹಳೇ ಗಡಿಯಾರದ ಮುಖಕ್ಕೆ ರೇಡಿಯಂ ಬಳಿಯುತ್ತಿದ್ದರು. ಹೊಳಪು ಹೋಗಿದ್ದರೂ ವಿಕಿರಣ ಹೋಗಿರುವುದಿಲ್ಲ. 1950ರ ದಶಕದ ಆರಂಭದವರೆಗೆ ಬಳಕೆಯಲ್ಲಿದ್ದ ನೈಟ್ರೇಟ್ ಎಂಬ ಬಗೆಯ ಫೋಟೊ, ಸಿನಿಮಾ ಫಿಲ್ಮು ಬೆಂಕಿ ಹಿಡಿದರೆ ನೀರಿನೊಳಗೂ ಉರಿಯುತ್ತದೆ, ತನಗೆ ಬೇಕಾದ ಆಮ್ಲಜನಕ ತನ್ನೊಳಗೇ ಇದೆ. ಡಬ್ಬಿ ತೆರೆದಾಗ ಅಂಟಂಟು, ಘಾಟು ಇದ್ದರೆ ಮುಚ್ಚಿ, ತಣ್ಣನೆ ಜಾಗದಲ್ಲಿ ಒಂಟಿಯಾಗಿಟ್ಟು, ತಜ್ಞರಿಗೆ ತಿಳಿಸಿ. ಕೈಗವಸು, ಮುಖಗವಸು ಇಲ್ಲದೆ ಯಾರೂ ಉಗ್ರಾಣ ತೆರೆಯಬಾರದು.

## ಇದೇ ಕೆಲಸಕ್ಕೆ ಕೈ ಹಾಕಿರುವವರಿಗೆ

ಶೋಕೇಸು ಯಾವುದರಲ್ಲಿ ಮಾಡಿಸೋದು? ಬಡಗಿ ಎಂಡಿಎಫ್ ಅಂತಿದಾನೆ.

ಎಂಡಿಎಫ್ ಎಂದರೆ ಮರದ ನಾರನ್ನು ಅಂಟು ಹಾಕಿ ಒತ್ತಿ ಮಾಡಿದ ಹಲಗೆ. ಅಗ್ಗ, ನಯ, ನೋಡಲು ಚೆಂದ. ಒಳಗಿನ ಅಂಟಿನಿಂದ ಮಾತ್ರ ಫಾರ್ಮಾಲ್ಡಿಹೈಡ್ ಎಂಬ ಹಾನಿಕರ ಆವಿ ಬಿಡುತ್ತಲೇ ಇರುತ್ತದೆ. ಅಪ್ಪಟ ಮರ ವಾಸಿ ಅಂದುಕೊಂಡರೆ ಅದೂ ಮೋಸ. ಓಕ್‌ನಂಥ ಮರ ಅಸಿಟಿಕ್ ಆಮ್ಲದ ಆವಿ ಬಿಟ್ಟು ಸೀಸದ ವಸ್ತುಗಳನ್ನು ಬಿಳಿ ಪುಡಿ ಮಾಡುತ್ತದೆ. ಉಣ್ಣೆ ಬಟ್ಟೆಯ ಹಾಸು ಗಂಧಕದಿಂದ ಬೆಳ್ಳಿಯನ್ನು ಕಪ್ಪಾಗಿಸುತ್ತದೆ. ಪಿವಿಸಿ ಹಾಳೆ ಕಾಲಕ್ರಮೇಣ ಹೈಡ್ರೋಕ್ಲೋರಿಕ್ ಆಮ್ಲ ಬಿಡುತ್ತದೆ.

ಇದನ್ನು ಪರೀಕ್ಷಿಸಲು 1973ರಲ್ಲಿ ಬ್ರಿಟಿಷ್ ಮ್ಯೂಸಿಯಂನ ಆಂಡ್ರ್ಯೂ ಆಡಿ ಒಂದು ಸರಳ ವಿಧಾನ ಪ್ರಕಟಿಸಿದರು. ಈಗ ಅದು ನಡೆಯುವ ರೀತಿ ಇದು: ಸಾಮಗ್ರಿಯ ಚೂರಿನ ಜೊತೆ ಬೆಳ್ಳಿ, ತಾಮ್ರ, ಸೀಸದ ತುಣುಕುಗಳನ್ನು ಸ್ವಲ್ಪ ನೀರಿನೊಂದಿಗೆ ಗಾಜಿನ ಕುಪ್ಪಿಯಲ್ಲಿ ಮುಚ್ಚಿ 60 ಡಿಗ್ರಿಯಲ್ಲಿ 28 ದಿನ ಇಡುತ್ತಾರೆ. ಲೋಹ ಬಣ್ಣಗೆಟ್ಟರೆ ಸಾಮಗ್ರಿ ಬೇಡ. ಇಷ್ಟೆಲ್ಲ ಮಾಡಲಾಗದವರಿಗೆ ಸುಲಭದ ದಾರಿ, ಪೌಡರ್ ಕೋಟಿಂಗ್ ಆದ ಉಕ್ಕು, ಗಾಜು, ಆಮ್ಲವಿಲ್ಲದ ಹಲಗೆಕಾಗದ, ಬಣ್ಣ ಹಾಕದೆ ಒಗೆದ ಹತ್ತಿ ಬಟ್ಟೆ. ಹಳೇ ಮರದ ಶೋಕೇಸು ಬಿಡಲು ಮನಸ್ಸಿಲ್ಲದಿದ್ದರೆ ಅದರಲ್ಲಿ ಮಣ್ಣಿನ ಪಾತ್ರೆ, ಕಲ್ಲು ಇಡಿ.

ಲೇಬಲ್ ಎಷ್ಟು ಉದ್ದ ಬರೀಬೇಕು?

ಓದುವವರು ನಿಂತಿರುತ್ತಾರೆ, ಪಕ್ಕದಲ್ಲಿ ಮಗು ಕೈ ಜಗ್ಗುತ್ತಿರುತ್ತದೆ. ಐವತ್ತು ಪದ. ಹೇಳಲೇಬೇಕಾದರೆ ಎಪ್ಪತ್ತು.

"ಟೈಪ್‌ರೈಟರ್. ಕಬ್ಬಿಣ. ದಾನ" ಎಂಬ ಲೇಬಲ್ ಕಣ್ಣಿಗೆ ಕಂಡದ್ದನ್ನೇ ಮತ್ತೆ ಹೇಳುತ್ತದೆ. ಕಾಣದ್ದನ್ನು ಹೇಳಿ. ಯಾವ ಅಕ್ಷರದ ಕೀಲಿ ಹೆಚ್ಚು ಸವೆದಿದೆ, ಇದರಲ್ಲಿ ಬಡಿದ ಅರ್ಜಿಗಳು ಯಾರವು, ಬಡಿದವರು ದಿನಕ್ಕೆ ಎಷ್ಟು ಹೊತ್ತು ಕೂರುತ್ತಿದ್ದರು. ಇವು ಗೊತ್ತಿಲ್ಲದಿದ್ದರೆ ರಿಜಿಸ್ಟರಿಗೆ ವಾಪಸ್ ಹೋಗಿ. ಒಳ್ಳೆಯ ಲೇಬಲ್ ಬರೆಯಲು ಬಾರದಿರುವುದಕ್ಕೆ ಹತ್ತರಲ್ಲಿ ಒಂಬತ್ತು ಸಲ ಭಾಷೆ ಕಾರಣವಲ್ಲ, ದಾಖಲೆಯಲ್ಲಿ ಏನೂ ಇಲ್ಲದಿರುವುದು ಕಾರಣ.

ಬರೆದದ್ದನ್ನು ಸಾದಾ ಕಾಗದದಲ್ಲಿ ಮುದ್ರಿಸಿ ಗೋಡೆಗೆ ಅಂಟಿಸಿ, ವಿಷಯ ಗೊತ್ತಿಲ್ಲದ ಇಬ್ಬರನ್ನು ಕರೆದು ಗಟ್ಟಿಯಾಗಿ ಓದಿಸಿ. ಎಲ್ಲಿ ತಡವರಿಸುತ್ತಾರೋ ಅಲ್ಲಿ ತಿದ್ದಿ. ಅಕ್ಷರ 18 ಪಾಯಿಂಟಿಗಿಂತ ಚಿಕ್ಕದಾಗಬಾರದು. ಕನ್ನಡದಂಥ ಒತ್ತಕ್ಷರದ ಲಿಪಿಗೆ ಇನ್ನೂ ದೊಡ್ಡದೇ ಇರಲಿ, ಸಾಲುಗಳ ನಡುವೆ ಜಾಗ ಬಿಡಿ. ಬೂದು ಹಿನ್ನೆಲೆಯ ಮೇಲೆ ಬಿಳಿ ಅಕ್ಷರ ಹಾಕುವ ಡಿಸೈನರನ್ನು ಮೊದಲ ದಿನವೇ ತಡೆಯಿರಿ.

ಗಾಲಿಕುರ್ಚಿಯವರು ಬರೋ ಹಾಗೆ ಮಾಡೋಕೆ ಹಳೇ ಕಟ್ಟಡದಲ್ಲಿ ಜಾಗವೇ ಇಲ್ಲ, ಏನ್ಮಾಡೋದು?

ಇಳಿಜಾರಿಗೆ ಸಾಮಾನ್ಯ ಲೆಕ್ಕ 1:12. 15 ಸೆಂಟಿಮೀಟರಿನ ಒಂದು ಮೆಟ್ಟಿಲಿಗೆ 1.8 ಮೀಟರ್ ಉದ್ದ. ಮುಂಬಾಗಿಲಲ್ಲಿ ಆಗದಿದ್ದರೆ ಪಕ್ಕದ ಬಾಗಿಲನ್ನು ಎಲ್ಲರಿಗೂ ಮುಖ್ಯ ದ್ವಾರ ಮಾಡಿ, "ಅವರಿಗೆ ಹಿಂಬಾಗಿಲು" ಎಂದಾಗದಿರಲಿ. ಮೇಲಂತಸ್ತಿಗೆ ಹತ್ತಲು ಬಾರದಿದ್ದರೆ ಅತ್ಯುತ್ತಮ ವಸ್ತುಗಳನ್ನು ಕೆಳಗೆ ಇಡಿ. ನಕ್ಷೆ ಬರೆಯುವಾಗಲೇ ಗಾಲಿಕುರ್ಚಿಯಲ್ಲಿ ಓಡಾಡುವವರನ್ನು ಒಮ್ಮೆ ಕರೆದು ಸುತ್ತಾಡಿಸಿ. ಗೋಡೆ ಕಟ್ಟಿದ ಮೇಲೆ ಕರೆದು ಫಲವಿಲ್ಲ.

ಜಾಗದ ಚರಿತ್ರೆಯಲ್ಲಿ ಕಹಿ ವಿಷಯಗಳಿವೆ. ಅವನ್ನೂ ಹಾಕಬೇಕಾ?

ಹಾಕಬೇಕು. ಹಳೆಯ ಪ್ರದರ್ಶನವನ್ನು ನೋಡಿ: ಯಾರ ಮನೆಯ ಬೆಳ್ಳಿ ಇದೆ, ಅದನ್ನು ತೊಳೆದವರ ಹೆಸರಿದೆಯೇ? 2022ರ ಆಗಸ್ಟ್ 24ರಂದು ಪ್ರಾಗ್‌ನಲ್ಲಿ ಐಕಾಮ್ ಒಪ್ಪಿಕೊಂಡ ಮ್ಯೂಸಿಯಂನ ಹೊಸ ವ್ಯಾಖ್ಯಾನದಲ್ಲಿ ಎಲ್ಲರನ್ನೂ ಒಳಗೊಳ್ಳುವುದು, ಸಮುದಾಯಗಳ ಪಾಲುಗಾರಿಕೆ ಎಂಬ ಮಾತುಗಳು ಸೇರಿವೆ. ಸಣ್ಣ ಜಾಗದಲ್ಲಿ ಇದು ಕಷ್ಟ, ಯಾಕೆಂದರೆ ಎರಡೂ ಕಡೆಯ ಮೊಮ್ಮಕ್ಕಳು ನಾಳೆ ಗೇಟಿಗೆ ಬರುತ್ತಾರೆ. ತೀರ್ಪು ಕೊಡುವ ವಾಕ್ಯ ಬೇಡ. ಪತ್ರ ಇದ್ದರೆ ಪತ್ರ ಇಡಿ, ಇಬ್ಬರ ನೆನಪು ಬೇರೆ ಬೇರೆ ಇದ್ದರೆ ಎರಡನ್ನೂ ಪಕ್ಕಪಕ್ಕ ಇಡಿ. ಅಚ್ಚಿಗೆ ಹೋಗುವ ಮೊದಲು ಸಂಬಂಧಪಟ್ಟ ಮನೆಯವರಿಗೆ ತೋರಿಸಿ. ತೋರಿಸುವುದು ಅನುಮತಿ ಬೇಡುವುದಕ್ಕಲ್ಲ, ತೆರೆಯುವ ದಿನ ಅವರು ಬೆಚ್ಚಿಬೀಳದಿರಲಿ ಎಂದು.

ಟಚ್‌ಸ್ಕ್ರೀನ್ ಹಾಕಿದ್ರೆ ಹುಡುಗ್ರು ಬರ್ತಾರಾ?

ಮೊದಲ ತಿಂಗಳು ಬರುತ್ತಾರೆ. ಎರಡನೇ ವರ್ಷ ಅದರ ಮೇಲೆ "ಕೆಟ್ಟಿದೆ" ಎಂಬ ಚೀಟಿ ಇರುತ್ತದೆ. ಮುಟ್ಟಿ, ತಿರುಗಿಸಿ ನೋಡಲು ಒಂದು ನಕಲು ಯಂತ್ರ, ಹೆಡ್‌ಫೋನಿನಲ್ಲಿ ಕೇಳಲು ಹಿರಿಯರ ಧ್ವನಿ, ಇವೆರಡು ಹೆಚ್ಚು ಕಾಲ ಬಾಳುತ್ತವೆ.

ಎಲ್ಲಾ ಸ್ಕ್ಯಾನ್ ಮಾಡಿಸಿದೀವಿ. ಇನ್ನು ಮೂಲ ಕಾಗದ ಯಾಕೆ?

ಸ್ಕ್ಯಾನಿನಲ್ಲಿ ಕಾಗದದ ದಪ್ಪ, ನೀರುಗುರುತು, ಮಡಿಕೆ, ಹಿಂದೆ ಗೀಚಿದ ಲೆಕ್ಕ ಬರುವುದಿಲ್ಲ. ನಾಳೆ ಯಾರಾದರೂ ಶಾಯಿಯನ್ನೇ ಪರೀಕ್ಷಿಸಬೇಕೆಂದರೆ? ಮೂಲ ಇರಲೇಬೇಕು. ಸ್ಕ್ಯಾನಿನ ನಿಜವಾದ ಲಾಭ, ಮೂಲವನ್ನು ಮತ್ತೆ ಮತ್ತೆ ಮುಟ್ಟುವುದು ತಪ್ಪುತ್ತದೆ. ಫೈಲುಗಳಿಗೆ ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಪ್ರತಿ ಬೇರೆ ಕಟ್ಟಡದಲ್ಲಿ. ಫೈಲಿನ ಹೆಸರು ವಸ್ತುವಿನ ಸಂಖ್ಯೆಯೇ ಆಗಿರಲಿ.

ಬೆಂಕಿ, ನೀರು ಬಂದ್ರೆ ಮೊದಲು ಏನನ್ನ ಹೊರಗೆ ತರಬೇಕು?

ಇದನ್ನು ಬೆಂಕಿ ಬಿದ್ದ ರಾತ್ರಿ ತೀರ್ಮಾನಿಸಲಾಗದು. 2018ರ ಸೆಪ್ಟೆಂಬರ್ 2ರಂದು ಬ್ರೆಜಿಲಿನ ರಾಷ್ಟ್ರೀಯ ಮ್ಯೂಸಿಯಂ ಉರಿದಾಗ ಸಂಗ್ರಹದ ಬಹುಪಾಲು ಬೂದಿಯಾಯಿತು. ಸುಮಾರು 20 ವಸ್ತುಗಳ ಪಟ್ಟಿ ಮಾಡಿ, ಎಲ್ಲಿವೆ ಎಂಬ ನಕ್ಷೆಯೊಂದಿಗೆ ಅಗ್ನಿಶಾಮಕ ದಳದವರಿಗೆ ಮೊದಲೇ ಕೊಟ್ಟಿಡಿ. ಪಟ್ಟಿಯ ತಲೆಯಲ್ಲಿ ಇರಬೇಕಾದದ್ದು ಯಾವುದೆಂದು ಹೇಳಬೇಕಾಗಿಲ್ಲ ಅಂದುಕೊಳ್ಳುತ್ತೇನೆ: ರಿಜಿಸ್ಟರ್.

ನೀರು ನುಗ್ಗಿದರೆ 48 ಗಂಟೆ ನಿಮ್ಮದು, ಆಮೇಲೆ ಬೂಷ್ಟಿನದು. ಒದ್ದೆ ಪುಸ್ತಕಗಳನ್ನು ಒಣಗಿಸಲು ಕೈ ಸಾಲದಿದ್ದರೆ ಫ್ರೀಜರಿಗೆ ಹಾಕಿ ಕಾಲ ನಿಲ್ಲಿಸಿ. ಒಂದಕ್ಕೊಂದು ಅಂಟಿದ ಒದ್ದೆ ಫೋಟೊಗಳು ಹಾಗೇ ಒಣಗಲು ಬಿಡಬೇಡಿ, ಮತ್ತೆ ಬಿಡಿಸಲಾಗದು.

ತೆರೆಯೋ ದಿನ ಏನೇನು ಮಾಡಬೇಕು?

ಅದಕ್ಕೂ ಎರಡು ವಾರ ಮೊದಲು ಸದ್ದಿಲ್ಲದೆ ತೆರೆಯಿರಿ. ವಸ್ತು ಕೊಟ್ಟವರ ಮನೆಯವರು, ಪಕ್ಕದ ಶಾಲೆಯ ಒಂದು ತರಗತಿ, ಕೆಲಸ ಮಾಡಿದ ಗಾರೆಯವರು, ಎಲೆಕ್ಟ್ರಿಷಿಯನ್ನರು, ಅವರ ಮಕ್ಕಳು ಬರಲಿ. ಎಲ್ಲಿ ಜನ ಗುಂಪುಗೂಡುತ್ತಾರೆ, ಯಾವ ಲೇಬಲ್ ದಾಟಿ ಹೋಗುತ್ತಾರೆ, ಯಾವ ಗಾಜಿಗೆ ಮೂಗಿನ ಗುರುತು ಬೀಳುತ್ತದೆ, ಎಲ್ಲ ಗೊತ್ತಾಗುತ್ತದೆ. ಬಾಗಿಲ ಹತ್ತಿರ ಒಂದು ನೋಟ್‌ಬುಕ್ಕು, ಪೆನ್ಸಿಲ್ ಇಡಿ. ಹಳೇ ಗುಂಪುಫೋಟೊದ ಮುಂದೆ ಯಾರಾದರೂ ನಿಂತು "ಎಡಗಡೆ ಮೂರನೆಯವರು ನಮ್ಮಜ್ಜಿ" ಎಂದು ಹೇಳುತ್ತಾರೆ. ಹೆಸರು ಬರೆದುಕೊಂಡು, ಸಂಜೆ ರಿಜಿಸ್ಟರಿಗೆ ಏರಿಸಿ.